ಸಮೋರಾಕ್ಕೆ ಒಂದು ಮೂಟೆ ಆಲೂಗಡ್ಡೆ

ಗ್ರಾಮ ಸಂಘದ ಅಧ್ಯಕ್ಷೆ ಶ್ರೀಮತಿ ತ್ರೀನ್ಯೆ ಮುಲ್ಡರ್ ಅವರೇ, ಗ್ರೋನಿಂಗನ್ ನಗರದಿಂದ ಎರಡು ಬಸ್ಸು ಬದಲಾಯಿಸಿ ನಮ್ಮೂರಿಗೆ ಬಂದಿರುವ ವಿಶ್ವವಿದ್ಯಾಲಯದ ಮಾನ್ಯ ಅತಿಥಿಗಳೇ, ಒಂದು ಸೆಮಿಸ್ಟರ್ ಓದಲೆಂದು ಮುಂದಿನ ವಾರ ಪರದೇಶಕ್ಕೆ ಹೊರಟಿರುವ ನಮ್ಮ ಮೂವರು ಮಕ್ಕಳೇ, ಮಕ್ಕಳಿಗಿಂತ ಹೆಚ್ಚು ಹೆದರಿ ಕುಳಿತಿರುವ ಅವರ ತಂದೆತಾಯಿಗಳೇ, ಹಾಗೂ ಕಾಫಿ ಬಿಟ್ಟಿ ಎಂದು ತಿಳಿದು ಬಂದಿರುವ ಉಳಿದ ಸಭಿಕರೇ,

ಅಧ್ಯಕ್ಷರು ನನ್ನನ್ನು ಪರಿಚಯಿಸುವಾಗ "ವಿದೇಶ ವ್ಯಾಸಂಗದ ಅನುಭವವುಳ್ಳ ಹಿರಿಯರು" ಎಂದರು. ಆಗ ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಗೀರ್ಟ್, ನಿನ್ನ ನಗು ನನಗೆ ಗೊತ್ತಾಗುವುದಿಲ್ಲವೇ? ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಒಂದೇ ಬಾಯ್ಲರಿನ ಮುಂದೆ ಬೆವರಿದವರು ನಾವು. ನೀನು ನಕ್ಕದ್ದು ಸರಿಯಾಗಿಯೇ ಇದೆ. ಹಾರ್ಮ್ ಓಸ್ಟಿಂಗ್ ಎಂಬ ನಾನು ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಎನ್ನುವುದಕ್ಕಿಂತ, ಶಾಲೆಯೇ ನನ್ನನ್ನು ಬಿಟ್ಟು ನೆಮ್ಮದಿಯಾಯಿತು. ಆದರೂ ಪರದೇಶದಲ್ಲಿ ನಾನು ಒಂದು ಪರೀಕ್ಷೆ ಕೊಟ್ಟದ್ದು ನಿಜ. ಒಂದೇ ಪ್ರಶ್ನೆಯ ಪರೀಕ್ಷೆ. ಕೂತು ಬರೆದದ್ದಲ್ಲ, ಓಣಿಯ ನಡುವೆ ನಿಂತು ಬಾಯಲ್ಲಿ ಹೇಳಿದ್ದು. ಅದರ ಕಥೆ ಹೇಳಿದರೆ ಹೊರಟಿರುವ ಮಕ್ಕಳಿಗೆ ಉಪಯೋಗ ಆಗುತ್ತದೋ ಇಲ್ಲವೋ ಕಾಣೆ. ಹಿಂದೆ ಉಳಿಯುವವರಿಗೆ ಆಗಬಹುದು.

ನನ್ನ ಮೊಮ್ಮಗಳು ವೀಕೆಯನ್ನು ನೀವೆಲ್ಲ ಬಲ್ಲಿರಿ. ನನ್ನ ಮಗಳು ಹೆನ್ನಿಯ ಹೂವಿನ ಅಂಗಡಿ ಸಂಜೆ ಏಳರವರೆಗೆ ತೆರೆದಿರುತ್ತದೆ. ಹಾಗಾಗಿ ಈ ಹುಡುಗಿ ಸಣ್ಣವಳಿದ್ದಾಗಿನಿಂದ ಸಂಜೆಯ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದಳು. ಊಟ ಎಂದರೆ ಆರು ಗಂಟೆಗೆ. ಆರೂ ಐದಕ್ಕಲ್ಲ. ಆರೂ ಐದಕ್ಕೆ ಬಂದವರಿಗೆ ನಮ್ಮ ಮನೆಯಲ್ಲಿ ಆಲೂಗಡ್ಡೆ ಇರುತ್ತಿತ್ತು, ಮರ್ಯಾದೆ ಇರುತ್ತಿರಲಿಲ್ಲ. ನನಗೆ ಮಾತಿಗೆ ಮಾತು ಕೊಡುವವಳು ಈ ಊರಿನಲ್ಲಿ ಒಬ್ಬಳೇ ಇದ್ದಳು, ನನ್ನ ಹೆಂಡತಿ ಲಮ್ಮಿ. ಅವಳು ತೀರಿಕೊಂಡ ಮೇಲೆ ಆ ಕೆಲಸವನ್ನು ವೀಕೆ ವಹಿಸಿಕೊಂಡಳು. ನಗರದ ವಿಶ್ವವಿದ್ಯಾಲಯ ಸೇರಿದಾಗಲೂ ಅಲ್ಲಿ ಕೋಣೆ ಸಿಗದೆ ಇಲ್ಲಿಂದಲೇ ಓಡಾಡಿದಳು. ಕೋಣೆ ಸಿಗದಿದ್ದುದಕ್ಕೆ ಊರೆಲ್ಲ ಸರ್ಕಾರವನ್ನು ಬೈಯಿತು. ನಾನು ಬೈಯಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ.

ಅವಳು ಕಲಿಯುತ್ತಿದ್ದುದು ಸ್ಪ್ಯಾನಿಷ್. ಒಂದು ದಿನ ಊಟದ ನಡುವೆ, ಒಂದು ಸೆಮಿಸ್ಟರ್ ಸ್ಪೇನಿನ ಸಮೋರಾ ಎಂಬ ಊರಿನಲ್ಲಿ ಓದುತ್ತೇನೆ ಎಂದಳು.

"ಸ್ಪ್ಯಾನಿಷ್ ಕಲಿಯೋಕೆ ಸ್ಪೇನಿಗೇ ಯಾಕೆ ಹೋಗ್ಬೇಕು? ಇಲ್ಲಿ ಪುಸ್ತಕ ಇಲ್ವಾ?" ಎಂದೆ.

"ಈಜು ಕಲಿಯೋಕೆ ಪುಸ್ತಕ ಸಾಕಾ ಅಜ್ಜ?"

"ಆ ಊರಲ್ಲಿ ಏನಿದೆ ಅಂತ?"

"ನೀನಿಲ್ಲ. ಅದೇ ದೊಡ್ಡ ಸೌಕರ್ಯ," ಎಂದು ನನ್ನ ತಟ್ಟೆಯ ಮಾಂಸದುಂಡೆ ಎತ್ತಿಕೊಂಡು ತಿಂದಳು.

ಸೆಪ್ಟೆಂಬರಿನಲ್ಲಿ ಹೋದಳು. ನಾನು ಆರಾಮಾಗಿದ್ದೆ. ಈ ಮಾತನ್ನು ಹೆನ್ನಿಗೂ ಹೇಳಿದ್ದೆ, ಗೀರ್ಟನಿಗೂ ಹೇಳಿದ್ದೆ, ಕೇಳದಿದ್ದ ಅಂಚೆಯವಳಿಗೂ ಹೇಳಿದ್ದೆ. ಆರು ಗಂಟೆಗೆ ಎರಡು ತಟ್ಟೆ ಇಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಂದೇ ತಟ್ಟೆ ಇಟ್ಟರೆ ಮೇಜು ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಅಷ್ಟೇ ಕಾರಣ.

ಹೊಸ ವರ್ಷದ ದಿನ ಅವಳು ಫೋನ್ ಮಾಡಿದಳು. "ಅಜ್ಜ, ಇಲ್ಲಿ ರಾತ್ರಿ ಊಟ ಆಗೋದೇ ಹತ್ತು ಗಂಟೆಗೆ," ಎಂದಳು. ಅವಳು ನಗುತ್ತಾ ಹೇಳಿದಳು. ನನಗೆ ನಗು ಕೇಳಿಸಲಿಲ್ಲ, ಹತ್ತು ಗಂಟೆ ಕೇಳಿಸಿತು. ಆರರಿಂದ ಹತ್ತರವರೆಗೆ ಆ ಮಗು ಏನು ಮಾಡುತ್ತದೆ? ಹಸಿದ ಹೊಟ್ಟೆಯಲ್ಲಿ ಯಾವ ಭಾಷೆ ತಲೆಗೆ ಹತ್ತುತ್ತದೆ? ಒಂದು ದೇಶ ತನ್ನ ಮಕ್ಕಳಿಗೆ ಆರು ಗಂಟೆಗೆ ಅನ್ನ ಹಾಕಲಾರದೆಂದರೆ ಅದನ್ನು ದೇಶ ಎನ್ನಬಹುದೇ? ಮೂರು ದಿನ ಇದನ್ನೇ ಯೋಚಿಸಿದೆ. ನಾಲ್ಕನೆಯ ದಿನ ಕೊಟ್ಟಿಗೆಯಿಂದ ಕ್ಯಾರವಾನ್, ಅಂದರೆ ರಜೆಗೆ ಒಯ್ಯುವ ನಮ್ಮ ಗಾಲಿಮನೆಯನ್ನು, ಹೊರಗೆಳೆದೆ.

ಜನವರಿ ತಿಂಗಳಲ್ಲಿ, ಹಿಮ ಬೀಳುವಾಗ, ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೊರಟವನು ಇಡೀ ಯೂರೋಪಿನಲ್ಲಿ ನಾನೊಬ್ಬನೇ ಇದ್ದಿರಬೇಕು. ಒಳಗೆ ಒಂದು ಮೂಟೆ ಆಲೂಗಡ್ಡೆ, ಗಾಲಿಯಷ್ಟು ದೊಡ್ಡ ಎರಡು ಚೀಸ್ ಗಟ್ಟಿ, ಹೆಪ್ಪುಗಟ್ಟಿಸಿದ ಬಟಾಣಿ ಸಾರಿನ ಡಬ್ಬಗಳು, ನಮ್ಮ ಕಾಫಿಪುಡಿ, ಮಸಾಲೆ ಬಿಸ್ಕತ್ತಿನ ತಗಡಿನ ಡಬ್ಬಿ. ಸ್ಪೇನಿನಲ್ಲಿ ಆಲೂಗಡ್ಡೆ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಹೆನ್ನಿಯೂ ಕೇಳಿದಳು.

"ಅಪ್ಪ, ಅವಳು ಹಸ್ಕೊಂಡಿದ್ದಾಳೆ ಅಂತ ಯಾರು ಹೇಳಿದ್ರು ನಿಂಗೆ? ಪರೀಕ್ಷೆ ಮುಗಿಯೋ ತನಕ ಯಾರೂ ಬರ್ಬೇಡಿ ಅಂತ ಹೇಳಿದ್ದಾಳೆ. ಬಾಯಿ ಪರೀಕ್ಷೆ ಒಂದು ಹೋದ್ರೆ ಇಡೀ ಸೆಮಿಸ್ಟರ್ ಲೆಕ್ಕಕ್ಕಿಲ್ಲ, ಮತ್ತೆ ಒಂದು ವರ್ಷ ಕೂರ್ಬೇಕು."

"ನಾನೇನು ಪರೀಕ್ಷೆ ಬರೆಯೋಕೆ ಹೋಗ್ತಿದ್ದೀನಾ? ಆಲೂಗಡ್ಡೆ ಕೊಟ್ಟು ಬರ್ತೀನಿ," ಎಂದೆ. ವೀಕೆಗೆ ವಿಷಯ ತಿಳಿಸಬಾರದೆಂದು ಆಣೆ ಹಾಕಿಸಿದೆ. ಸಂತೋಷ ಇದ್ದಕ್ಕಿದ್ದಂತೆ ಬರಬೇಕಲ್ಲವೇ?

ದಾರಿಯ ಕಷ್ಟ ಹೇಳುವುದಿಲ್ಲ. ದಾರಿ ತೋರಿಸಲು ಹೆನ್ನಿ ನನ್ನ ಫೋನಿನಲ್ಲಿ ಒಬ್ಬ ಹೆಂಗಸಿನ ದನಿಯನ್ನು ಹಾಕಿಕೊಟ್ಟಿದ್ದಳು. ಆ ಹೆಂಗಸಿನೊಡನೆ ಬೆಲ್ಜಿಯಂ ದಾಟುವ ಮೊದಲೇ ಜಗಳವಾಯಿತು. ಅವಳು ಎಡಕ್ಕೆ ಎಂದರೆ ನಾನು ನೇರಕ್ಕೆ. ಇಡೀ ಪ್ರಯಾಣದಲ್ಲಿ ಅವಳ ಮಾತು ಕೇಳಿದ್ದು ಒಂದೇ ಸಲ. ಸಮೋರಾ ತಲುಪಿದ ಬೆಳಿಗ್ಗೆ ಊರು ತುಂಬಾ ಮಂಜು. "ಬಲಕ್ಕೆ ತಿರುಗಿ," ಎಂದಳು. ಪಾಪ, ಇಷ್ಟು ದೂರ ಸಹಿಸಿಕೊಂಡು ಬಂದಿದ್ದಾಳೆ, ಒಮ್ಮೆ ಕೇಳೋಣ ಎಂದು ತಿರುಗಿಸಿದೆ.

ಅದು ಹಳೆಯ ಪೇಟೆಯ ಕಲ್ಲಿನ ಓಣಿ. ಒಂದು ಕಡೆ ಚರ್ಚಿನ ಗೋಡೆ, ಇನ್ನೊಂದು ಕಡೆ ಯಾರದೋ ಮನೆಯ ಕಬ್ಬಿಣದ ಕಟಕಟೆ. ಕಾರು ಹೋಯಿತು. ಕ್ಯಾರವಾನ್ ಹೋಗಲಿಲ್ಲ. ಬಾಟಲಿಗೆ ಬಿರಡೆ ಕೂತ ಹಾಗೆ ಕೂತುಬಿಟ್ಟಿತು. ಹಿಂದೆ ಸರಿಸಿದೆ, ಕಿಟಕಿ ಒಡೆಯಿತು. ಮುಂದೆ ಸರಿಸಿದೆ, ಚರ್ಚು ಅಲ್ಲಾಡದಿದ್ದುದೇ ಪುಣ್ಯ. ಬ್ರೆಡ್ಡಿನ ಅಂಗಡಿಯವನು ಬಂದ, ಪೊಲೀಸು ಬಂದ, ಎಲ್ಲರೂ ಕೈ ಬೀಸಿ ಒಬ್ಬೊಬ್ಬರೂ ಒಂದೊಂದು ದಿಕ್ಕು ತೋರಿಸಿದರು. ಹಿಂದೆ ಕಾರುಗಳ ಸಾಲು. ಎಲ್ಲಕ್ಕಿಂತ ಮುಂದಿನ ಸಣ್ಣ ಕಾರಿನಲ್ಲಿ ಹಸಿರು ಶಾಲು ಹೊದ್ದ ಒಬ್ಬ ಕುಳ್ಳ ಹೆಂಗಸು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ನನ್ನ ಕೈಯಲ್ಲಿದ್ದ ವಿಳಾಸ, ಫೋನ್ ನಂಬರಿನ ಚೀಟಿ ನೋಡಿ ಪೊಲೀಸು ವೀಕೆಗೆ ಫೋನ್ ಮಾಡಿದ. ಅವಳು ಒದ್ದೆ ಕೂದಲಿನಲ್ಲಿ ಓಡಿ ಬಂದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದಳು. ನಾನು ಮೊದಲು ನೋಡಿದ್ದು ಕೆನ್ನೆಗಳನ್ನು. ತುಂಬಿಕೊಂಡಿದ್ದವು. ಹಸಿದವಳ ಕೆನ್ನೆಗಳಲ್ಲ ಅವು.

"ಅಜ್ಜ. ನೀನಾ?"

"ಮತ್ಯಾರು. ಮೊದ್ಲು ಆ ಹಸಿರು ಶಾಲಿನೋಳಿಗೆ ಹೇಳು, ಹಾರ್ನ್ ಹೊಡೆದ್ರೆ ಗೋಡೆ ಪಕ್ಕಕ್ಕೆ ಸರಿಯೋದಿಲ್ಲ ಅಂತ."

ವೀಕೆ ತಿರುಗಿ ನೋಡಿದಳು. ಸಿಪ್ಪೆ ಸುಲಿದ ಆಲೂಗಡ್ಡೆಯ ಬಣ್ಣಕ್ಕೆ ಬಂದಳು. "ಅಜ್ಜ, ಬಾಯಿ ಮುಚ್ಕೋ. ಅವರು ನಮ್ಮ ಪ್ರೊಫೆಸರು. ಹತ್ತು ಗಂಟೆಗೆ ನನ್ನ ಬಾಯಿ ಪರೀಕ್ಷೆ. ತಗೊಳ್ಳೋರು ಅವರೇ."

ಬುದ್ಧಿ ಇದ್ದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ಆದರೆ ನಮ್ಮ ಕಡೆಯವರ ಗುಣ ನಿಮಗೆ ಗೊತ್ತಿದೆ. ಮನಸ್ಸಿಗೂ ನಾಲಿಗೆಗೂ ನಡುವೆ ನಾವು ಬಾಗಿಲು ಇಡಿಸಿಕೊಂಡವರಲ್ಲ. ಅದನ್ನೇ ಪ್ರಾಮಾಣಿಕತೆ ಎಂದು ಕರೆದುಕೊಂಡು ಬಂದಿದ್ದೇವೆ. ಅಷ್ಟರಲ್ಲಿ ಆ ಹೆಂಗಸು ಕಾರಿನಿಂದಿಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು, ನನಗೆ ಏನೋ ಹೇಳಿದಳು.

"ಏನಂತೆ?" ಎಂದೆ.

"ಇದನ್ನ ಇಲ್ಲಿಗೆ ಯಾಕೆ ತಂದ್ರಿ ಅಂತ ಕೇಳ್ತಿದ್ದಾರೆ."

"ಹೇಳು ಅವಳಿಗೆ. ಈ ಓಣಿ ಕತ್ತೆಗಳಿಗೆ ಅಂತ ಕಟ್ಟಿದ್ದು, ಈಗ ಕತ್ತೆಗಳೇ ಕಾರು ಹತ್ಕೊಂಡು ಕೂತಿವೆ ಅಂತ. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಅನ್ನ ಹಾಕೋಕೆ ಬರಲ್ಲ, ಹಾರ್ನ್ ಹೊಡೆಯೋಕೆ ಬರತ್ತೆ ಅಂತ. ಒಂದು ಮಾತೂ ಬಿಡದೆ ಹೇಳು."

ವೀಕೆ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಹೇಳಿದಳು. ನಿಧಾನವಾಗಿ ಹೇಳಿದಳು, ತಡವರಿಸದೆ ಹೇಳಿದಳು. ಆ ಹೆಂಗಸಿನ ಕೈ ಸೊಂಟದಿಂದ ಕೆಳಗಿಳಿಯಿತು. ನಾನು ಮನಸ್ಸಿನಲ್ಲೇ ಬೀಗಿದೆ, ನೇರ ಮಾತಿಗೆ ಎಲ್ಲಿ ಹೋದರೂ ಬೆಲೆ ಇದೆ ಎಂದು.

ಪ್ರೊಫೆಸರ್ ನನ್ನ ಹತ್ತಿರ ಬಂದರು. ಬಂದು, ಸಭಿಕರೇ, ನಮ್ಮ ಭಾಷೆಯಲ್ಲಿ ಮಾತಾಡಿದರು. ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಹೊಸಬರು ಜಾರುಬೂಟು ಹಾಕಿ ನಡೆದ ಹಾಗೆ ಒಂದೊಂದೇ ಪದ.

"ಯಜಮಾನರೇ, ನಾನು ಹುಡುಗಿಯಾಗಿದ್ದಾಗ ನಿಮ್ಮ ದೇಶದಲ್ಲಿ ಒಂದು ಸೆಮಿಸ್ಟರ್ ಓದಿದ್ದೀನಿ. ಮನೆಯೊಡತಿ ಕಾಫಿ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಬಿಡೋರು. ನಿಮ್ಮ ಭಾಷೆ ಮರೆತೇಹೋಗಿದೆ ಅಂದ್ಕೊಂಡಿದ್ದೆ. ಕತ್ತೆ ಅಂದ್ರಲ್ಲ, ಎಲ್ಲ ನೆನಪಾಯ್ತು."

ನೆಲ ಬಾಯಿ ಬಿಡಲಿ ಎಂದುಕೊಂಡೆ. ಕಲ್ಲಿನ ನೆಲ, ಎಲ್ಲಿ ಬಿಡುತ್ತದೆ?

ಅವರು ಮುಂದುವರಿಸಿದರು. "ನಿಮ್ಮ ಮೊಮ್ಮಗಳು ಇಲ್ಲಿ ಕಲೀತಿರೋದು ಒಬ್ಬರ ಮಾತನ್ನ ಇನ್ನೊಬ್ಬರಿಗೆ ಮುಟ್ಟಿಸೋದನ್ನ. ಈಗ ಅವಳು ನನಗೆ ಹೇಳಿದ್ದು ಇಷ್ಟು: 'ಅಮ್ಮಾ, ತಪ್ಪಾಯ್ತು. ನಾನು ವಯಸ್ಸಾದವನು. ಮೊಮ್ಮಗಳು ಹೋದ ಮೇಲೆ ಒಬ್ಬನೇ ಕೂತು ಉಣ್ಣೋಕೆ ನನ್ನ ಕೈಲಿ ಆಗ್ಲಿಲ್ಲ. ಅದಕ್ಕೇ ಬಂದೆ.' ನೀವು ಹೇಳಿದ್ದು ಇದೇನಾ? ನೀವೇ ಹೇಳ್ಬೇಕು."

ಇದೇ, ಸಭಿಕರೇ, ನಾನು ಪರದೇಶದಲ್ಲಿ ಎದುರಿಸಿದ ಪ್ರಶ್ನೆ.

ನಾನು ಸುಳ್ಳು ಹೇಳುವವನಲ್ಲ. ಕಾರ್ಖಾನೆಯ ಮ್ಯಾನೇಜರನಿಗೆ ಅವನ ಬೀಳ್ಕೊಡುಗೆಯ ದಿನವೇ ಅವನು ಎಂಥ ಸೋಮಾರಿ ಎಂದು ಹೇಳಿದವನು. ಇಲ್ಲ ಎಂದರೆ ನನ್ನ ಮಾತು ಉಳಿಯುತ್ತದೆ, ವೀಕೆಯ ಸೆಮಿಸ್ಟರ್ ಬೀಳುತ್ತದೆ. ಹೌದು ಎಂದರೆ, ಪೊಲೀಸು, ಬ್ರೆಡ್ಡಿನವನು, ಕಿಟಕಿಗಳಲ್ಲಿ ನೇತುಬಿದ್ದ ಅರ್ಧ ಊರಿನ ಎದುರು, ನಾನು ಆ ಮಾತನ್ನು ಹೇಳಿದವನಾಗುತ್ತೇನೆ. ವೀಕೆ ನೆಲ ನೋಡುತ್ತ ನಿಂತಿದ್ದಳು. ಎರಡು ತಟ್ಟೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಈ ಹುಡುಗಿಗೆ ಹೇಗೆ ಗೊತ್ತಾಯಿತು? ನನ್ನ ಬಾಯಿಂದ ಬಂದ ಕತ್ತೆಗೆ ಈ ಅರ್ಥವನ್ನು ಇವಳು ಯಾವ ನಿಘಂಟಿನಲ್ಲಿ ಹುಡುಕಿದಳು?

"ಹೌದು," ಎಂದೆ. "ಅದನ್ನೇ ಹೇಳಿದ್ದು."

"ಹಾಗಾದ್ರೆ ಕತ್ತೆ?"

"ಅದು ನನಗೇ ಹೇಳ್ಕೊಂಡಿದ್ದು."

ಪ್ರೊಫೆಸರ್ ನಗಲಿಲ್ಲ. ವೀಕೆಯ ಕಡೆ ತಿರುಗಿ ಏನೋ ಹೇಳಿ ಓಣಿಯಲ್ಲಿ ನಡೆದುಕೊಂಡೇ ಹೋದರು. ಪರೀಕ್ಷೆ ಹನ್ನೊಂದಕ್ಕೆ, ಕಾರು ಇಲ್ಲೇ ಇರಲಿ ಎಂದರಂತೆ. ಅಗ್ನಿಶಾಮಕ ದಳದವರು ಕ್ಯಾರವಾನನ್ನು ಕೆರೆದು ಹೊರತೆಗೆಯುವಷ್ಟರಲ್ಲಿ ವೀಕೆ ಪರೀಕ್ಷೆ ಮುಗಿಸಿ ಬಂದಿದ್ದಳು. ಹತ್ತಕ್ಕೆ ಏಳು. ನಮ್ಮಲ್ಲಿ ಆರು ಬಂದರೆ ಸಾಕು ಎನ್ನುತ್ತೇವೆ. ಏಳು ಎಂದರೆ ಸ್ವಲ್ಪ ಜಂಬವೇ.

"ಇನ್ನೂ ಒಂದು ಕೊಡ್ತಿದ್ರು," ಎಂದಳು ವೀಕೆ. "ಮೂಲಕ್ಕೆ ನಿಷ್ಠೆ ಸಾಲದು ಅಂತ ಕಳೆದ್ರು."

ಅಂದು ರಾತ್ರಿ ಪ್ರೊಫೆಸರ್ ತಮ್ಮ ಮನೆಗೇ ಊಟಕ್ಕೆ ಕರೆದರು. ಹತ್ತು ಗಂಟೆಗೆ. ಆರು ಗಂಟೆಗೆ ನನ್ನ ಹೊಟ್ಟೆ ಗಂಟೆ ಬಾರಿಸಿತು, ಏಳಕ್ಕೆ ಬೈಯಿತು, ಎಂಟಕ್ಕೆ ಸುಮ್ಮನಾಯಿತು. ಅವರ ಅಡುಗೆಮನೆಯಲ್ಲಿ ನಾನೇ ಆಲೂಗಡ್ಡೆ ಬೇಯಿಸಿದೆ. ಅವರ ಗಂಡ ಅದಕ್ಕೆ ಎಣ್ಣೆ ಸುರಿದ, ನಾನು ಕಣ್ಣು ಮುಚ್ಚಿಕೊಂಡೆ. ಕೊನೆಗೆ ಕಾಫಿ ಬಂತು. ನನ್ನ ಬಿಸ್ಕತ್ತಿನ ಡಬ್ಬಿ ತೆರೆದು ಮುಂದಿಟ್ಟೆ. ಪ್ರೊಫೆಸರ್ ಮೂರು ಬಿಸ್ಕತ್ತು ಒಟ್ಟಿಗೆ ತೆಗೆದುಕೊಂಡರು. ನನ್ನ ಮುಖವನ್ನೇ ನೋಡುತ್ತ, ತಾವೇ ಮುಚ್ಚಳ ಹಾಕಿದರು. ಅಷ್ಟು ವರ್ಷದ ಬಾಕಿ ಅದು.

ಹೊರಟಿರುವ ಮಕ್ಕಳೇ, ನಿಮಗೆ ಹೇಳುವುದು ಏನೂ ಇಲ್ಲ. ಹೋಗಿ. ತಂದೆತಾಯಿಗಳೇ, ನಿಮಗೆ ಒಂದಿದೆ. ಕ್ಯಾರವಾನ್ ಕೊಟ್ಟಿಗೆಯಲ್ಲೇ ಇರಲಿ. ಹೇಳಬೇಕಾದದ್ದನ್ನು ಫೋನಿನಲ್ಲೇ ಹೇಳಿ, ಚರ್ಚಿನ ಗೋಡೆ ಉಳಿಯುತ್ತದೆ. ಎಲ್ಲರಿಗೂ ವೀಕೆಯಂಥ ದುಭಾಷಿ ಸಿಗುವುದಿಲ್ಲ.

ವೀಕೆ ಪದವಿ ಮುಗಿಸಿದ ಮೇಲೆ ಸಮೋರಾಕ್ಕೇ ಮರಳಿ ಹೋದಳು. ಅಲ್ಲಿಯ ಶಾಲೆಯಲ್ಲಿ ಕಲಿಸುತ್ತಾಳೆ. ನಾನು ಆರಾಮಾಗಿದ್ದೇನೆ. ಹೋದ ಚಳಿಗಾಲ ಒಂದು ಸಂಜೆ ಈ ಗೀರ್ಟ್ ಓಡಿ ಬಂದು ನನ್ನ ಬಾಗಿಲು ಬಡಿದ. "ಆರು ಗಂಟೆ ದಾಟಿದ್ರೂ ನಿನ್ನ ಅಡುಗೆಮನೆ ಕಿಟಕೀಲಿ ಹಬೆ ಕಾಣ್ಲಿಲ್ಲ ಮಾರಾಯ, ಸತ್ತೇಹೋದೆಯೇನೋ ಅಂತ ಬಂದೆ," ಎಂದ. ಅವನಿಗೆ ಅಂದು ಏನೋ ನೆಪ ಹೇಳಿ ಕಳಿಸಿದೆ. ಇಂದು ನಿಜ ಹೇಳುತ್ತೇನೆ, ಕೇಳಿಸಿಕೋ ಗೀರ್ಟ್.

ಅಧ್ಯಕ್ಷರು ನನಗೆ ಕೊಟ್ಟ ಹತ್ತು ನಿಮಿಷ ಯಾವಾಗಲೋ ಮುಗಿದಿದೆ. ಅವರ ಸಹನೆಗೂ, ಅತಿಥಿಗಳ ನಿದ್ದೆ ಎಳೆಯುತ್ತಿರುವ ಕಣ್ಣುಗಳಿಗೂ, ನಿಮ್ಮೆಲ್ಲರಿಗೂ ನನ್ನ ವಂದನೆ. ಕಾಫಿಯ ಎರಡನೇ ಸುತ್ತಿಗೆ ನಾನು ನಿಲ್ಲುವುದಿಲ್ಲ, ನನ್ನ ಪಾಲಿನ ಒಂದು ಬಿಸ್ಕತ್ತನ್ನು ಯಾರಾದರೂ ತಿನ್ನಿ. ಈಗ ಒಂಬತ್ತೂವರೆ, ಗೀರ್ಟ್. ಆಲೂಗಡ್ಡೆ ಸುಲಿದು ನೀರಿನಲ್ಲಿ ಹಾಕಿಟ್ಟು ಬಂದಿದ್ದೇನೆ. ಮುಖ ಕಾಣುವ ಹಾಗೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಬೇಕು. ಹತ್ತಕ್ಕೆ ಸರಿಯಾಗಿ ಸಮೋರಾದಲ್ಲಿ ವೀಕೆ ತಟ್ಟೆ ಹಾಕಿಕೊಂಡು ಕೂರುತ್ತಾಳೆ, ಹತ್ತೂ ಐದಕ್ಕೆ ಹೋದರೆ ನನಗೆ ಮರ್ಯಾದೆ ಇರುವುದಿಲ್ಲ.

ಬರುತ್ತೇನೆ, ನಮಸ್ಕಾರ.