ಮರುಭೂಮಿ ಸುತ್ತಿಬಂದ ನಾಯಿಗಳು

೨೦೦೧ರ ಡಿಸೆಂಬರ್. ಅಮೆರಿಕದ ಓಕ್ಲ್ಯಾಂಡಿನ ಅನಾಥ ನಾಯಿ-ಬೆಕ್ಕುಗಳ ಶೆಲ್ಟರಿನಲ್ಲಿ ಬೆಕ್ಕಿನ ಮರಿ ಕೇಳಲು ಕಾದಿದ್ದ ಸುರಕ್ಷಾಳ ಪಕ್ಕದಲ್ಲಿ ಗಂಡಹೆಂಡತಿ ಎರಡು ನಾಯಿ ಹಿಡಿದು ಕೂತಿದ್ದರು. ಯಾರಿಗೂ ಕನ್ನಡ ತಿಳಿಯದೆಂದುಕೊಂಡು ದನಿ ತಗ್ಗಿಸದೆ ಮಾತಾಡುತ್ತಿದ್ದರು.

“ಮನೆಯಂಥ ಆರ್‌ವಿ ಗಾಡಿ ಬಾಡಿಗೆ ತಗೊಂಡು ಇವನ್ನ ಡೆಸರ್ಟೆಲ್ಲ ಸುತ್ತಿಸಿದ್ದು ಇಲ್ಲಿ ಬಿಟ್ಟುಹೋಗೋಕೇನ್ರೀ?”

“ಕೆಲಸ ಹೋಯ್ತು, ವೀಸಾ ಮುಗೀತು. ಕೊನೇ ಸಲ ಖುಷಿಯಾಗಿರ್ಲಿ ಅಂದವಳು ನೀನೇ.”

“ಆ ಚಳೀಲಿ ಹೀಟರ್ ಕೆಟ್ಟಾಗ ನಮ್ಮನ್ನ ಬೆಚ್ಚಗಿಟ್ಟಿದ್ದು ಇವೇ.”

“ಸಾಕು ಮಾಡು, ವಸಂತಿ.”

“ಇವಕ್ಕೆ ಕನ್ನಡ ಬಿಟ್ರೆ ಬೇರೇನೂ ಅರ್ಥ ಆಗಲ್ಲ.”

“ಚಿಕ್ಕದು ಕಲಿಯುತ್ತೆ. ಮುದುಕನ್ನ ಯಾರೂ ಒಯ್ಯಲ್ಲ, ಇಲ್ಲೇ ಸೂಜಿ ಚುಚ್ಚಿ ಮುಗಿಸ್ತಾರೆ. ಅವನಿಗಿನ್ನು ಇಂಗ್ಲಿಷು ಯಾಕೆ?”

ಒಳಗಿನಿಂದ ಅವರನ್ನು ಕರೆದರು. ನಾಯಿಗಳು ಏಳಲಿಲ್ಲ. ಗಂಡ ಬಾಗಿ, “ಬನ್ರೋ, ಟ್ರಿಪ್ಪಿಗೆ ಹೋಗೋಣ” ಎಂದ.

ಎರಡೂ ಬಾಲ ಅಲ್ಲಾಡಿಸುತ್ತ, ಅವನನ್ನೇ ಎಳೆದುಕೊಂಡು ಒಳಬಾಗಿಲಿಗೆ ಓಡಿದವು.