ನಾಲ್ಕು ಮೊಳೆ, ಒಂದು ಚಿಲಕ

ಬ್ಯಾಂಕಿನ ಸಾಲು ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಹೊತ್ತು ಹೋಗದೆ ಸಾಲಿನಲ್ಲಿದ್ದ ದರ್ಜಿಯೊಬ್ಬ ಮುಂದಿನ ಇಬ್ಬರ ಮಾತಿಗೆ ಕಿವಿಗೊಟ್ಟ. ಒಬ್ಬಾಕೆ ಕಾರ್ಖಾನೆಯ ಕ್ಯಾಷಿಯರ್, ಇನ್ನೊಬ್ಬಳು ಹೊಸದಾಗಿ ಸೇರಿದ ಹುಡುಗಿ.

“ಅಕ್ಕಾ, ಚಿಲ್ಲರೆ ಖರ್ಚಿನ ಪೆಟ್ಟಿಗೇಲಿ ಐದು ಸಾವಿರ ಯಾಕೆ? ಮುಟ್ಟೋರೇ ಇಲ್ಲ.”

“ಅದು ನಿಗದಿ ಕಣೇ. ಖರ್ಚಾದಷ್ಟಕ್ಕೆ ಚೀಟಿ ತೋರ್ಸಿ, ಅಷ್ಟನ್ನೇ ಮತ್ತೆ ತುಂಬಿಡೋದು. ಮೊದ್ಲು ತಿಂಗಳು ಮುಗಿಯೋದ್ರೊಳಗೆ ಖಾಲಿ ಆಗ್ತಿತ್ತು.”

“ಈಗೇನಾಯ್ತು?”

“ಹೊಸ ಬಡಗಿ ಸಾಮಾನೆಲ್ಲಾ ಒಟ್ಟಿಗೆ ತರಿಸ್ತಾನೆ, ಬಿಲ್ಲು ನೇರ ಮೇಲಿನ ಆಫೀಸಿಗೆ. ಹಳೆಯವನು ಇವತ್ತು ನಾಲ್ಕು ಮೊಳೆ, ನಾಳೆ ಒಂದು ಚಿಲಕ ಅಂತ ದಿನಾ ನನ್ನ ಕಿಟಕಿಗೆ ಬರ್ತಿದ್ದ.”

“ಒಂದೇ ಸಲ ತಗೋಬಹುದಿತ್ತಲ್ಲ?”

“ನಾನೂ ಹಾಗೇ ಬೈತಿದ್ದೆ. ಸುಮ್ನೆ ನಗ್ತಾ ನಿಂತಿರ್ತಿದ್ದ.”

“ಎಂಥಾ ಪೆದ್ದ!”

“ಪೆದ್ದಿ ನಾನು. ಅವನಿಗೆ ಬೇರೆ ಊರಿಗೆ ವರ್ಗ ಆದ್ಮೇಲೆ ಅರ್ಥ ಆಯ್ತು.”

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ದರ್ಜಿ ಕೆಮ್ಮು ನುಂಗಿಕೊಂಡ.

“ಮತ್ತೆ, ನಿಗದಿ ಇಳಿಸೋಣ್ವಾ ಅಂತ ಸಾಹೇಬ್ರು ಕೇಳಿದ್ರಲ್ಲ?”

“ಬೇಡ ಅಂದೆ.”

“ಯಾಕಕ್ಕಾ?”

“ಅವನು ವಾಪಸ್ ಬಂದು ಮೊದಲಿನ ಹಾಗೇ ಶುರು ಹಚ್ಕೊಂಡ್ರೆ, ಸಾಕಾಗ್ಬೇಕಲ್ಲ.”

ಕೌಂಟರಿನವನು ಕರೆದ. ಆಕೆ ಚೆಕ್ಕು ಕೊಟ್ಟು, ಪೆಟ್ಟಿಗೆಯಿಂದ ಆ ತಿಂಗಳು ಖರ್ಚಾದಷ್ಟು ಹಣ ಪಡೆದಳು, ಒಂದೇ ಒಂದು ನೋಟು. ಅದನ್ನೂ ಎರಡೆರಡು ಸಲ ನೋಡಿ, ಚೀಲಕ್ಕೆ ಹಾಕಿಕೊಂಡು ಹೊರನಡೆದಳು.