ಮಹಾಬಲೇಶ್ವರ ಅವರು ಸಹಿ ಹಾಕದ ವ್ಯಾನ್

ಕೆಲಸ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ವಿಶಾಖಪಟ್ಟಣದಿಂದ ಬಂದಿರುವ ಮಹಾಬಲೇಶ್ವರ ಅವರ ಪತ್ನಿ ಹೇಮಾಕ್ಷಿ ಅತ್ತಿಗೆಗೆ, ಮಗಳು ತನುಶ್ರೀಗೆ — ನಮಸ್ಕಾರ.

ನಾನು ಬಾಲಚಂದ್ರ. ಇಲ್ಲಿ ಪಟಮಟದ ನಮ್ಮ ವರ್ಕ್‌ಶಾಪಿನಲ್ಲಿ ಮಹಾಬಲೇಶ್ವರ ಅವರ ಕೈಕೆಳಗೆ ಕೆಲಸ ಕಲಿತವನು. ಹತ್ತು ದಿನದ ಹಿಂದೆ ವಿಶಾಖಪಟ್ಟಣದ ಮಧುರವಾಡದಲ್ಲಿ ಅವರ ಹೃದಯ ನಿಂತುಹೋಯಿತು. ಐವತ್ತಾರು ವರ್ಷ. ನನಗೆ ಭಾಷಣ ಬರುವುದಿಲ್ಲ. ಈ ಹತ್ತು ದಿನದಲ್ಲಿ ಸರಿಯಾಗಿ ನಿದ್ದೆಯೂ ಇಲ್ಲ. ಎಲ್ಲಾದರೂ ತಡವರಿಸಿದರೆ — ಸಹಿಸಿಕೊಳ್ಳಿ.

ಅವರು ಕುಮಟಾದವರು, ನಾನು ದಾವಣಗೆರೆಯವನು. ನಾನು ಅವರನ್ನು ಮಹಾಬಲಣ್ಣ ಅನ್ನುತ್ತಿದ್ದೆ. ನಮ್ಮಿಬ್ಬರಿಗೂ ತೆಲುಗು ಕಲಿಸಿದ್ದು ಆಟೋನಗರದ ಅಂಗಡಿಗಳು. ಅಲ್ಲಿ ಟೂಲ್ಸ್ ಅಂಗಡಿ ಇಟ್ಟಿರುವ ಬಾಬ್ಜಿಗಾರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಒಮ್ಮೆ ಅವರ ಅಂಗಡಿಯಲ್ಲಿ ಒಂದೇ ಒಂದು ಸ್ಪ್ಯಾನರ್ ಆರಿಸಲು ಮಹಾಬಲಣ್ಣ ಒಂದೂವರೆ ಗಂಟೆ ತೆಗೆದುಕೊಂಡರು. ಬಾಬ್ಜಿಗಾರು ಕೇಳಿದರು, "ಏಂ ಸಾರ್, ಪಾನಾ ಕೊಂಟಾರಾ, ಪೆಳ್ಳಿ ಚೂಪುಲಾ?" ಸ್ಪ್ಯಾನರ್ ಕೊಳ್ಳಲು ಬಂದಿರೋ, ಹೆಣ್ಣು ನೋಡಲು ಬಂದಿರೋ ಅಂತ.

ಮಹಾಬಲಣ್ಣ ನಗಲಿಲ್ಲ. ಜೇಬಿನಿಂದ ಬ್ರೇಕ್ ಪೈಪಿನ ಹಳೇ ತುಂಡು ತೆಗೆದರು, ತುದಿಯಲ್ಲಿ ನಟ್ ಇತ್ತು. "ನೋಡು ಮಾರಾಯ," ಅಂದರು ನನಗೆ. "ಈ ನಟ್ ಮೆತ್ತಗೆ. ಓಪನ್ ಸ್ಪ್ಯಾನರ್ ಇದರ ಎರಡೇ ಬದಿ ಹಿಡೀತದೆ, ಜೋರು ಹಾಕಿದ್ರೆ ಮೂಲೆ ಸವೆದುಹೋಗ್ತದೆ. ರಿಂಗ್ ಸ್ಪ್ಯಾನರ್ ಹಾಕೋಣ ಅಂದ್ರೆ ಪೈಪ್ ಅಡ್ಡ. ಅದಕ್ಕೇ ಇದು — ಫ್ಲೇರ್ ನಟ್ ಸ್ಪ್ಯಾನರ್." ಹೀಗೆ, ಬೆರಳನ್ನು ಉಂಗುರ ಮಾಡಿ, ತುದಿಯಲ್ಲಿ ಸ್ವಲ್ಪ ಬಿಡಿಸಿ ತೋರಿಸಿದರು. ಆ ಸಂದಿಯಲ್ಲಿ ಪೈಪ್ ಮಾತ್ರ ತೂರಬೇಕು. ಸಂದಿ ಅಗಲವಾದರೆ ಹಿಡಿತ ಕಮ್ಮಿ. ಉಂಗುರ ದಪ್ಪ ಇರಬೇಕು, ಇಲ್ಲದಿದ್ದರೆ ಬಲ ಬಿದ್ದಾಗ ಬಾಯಿ ಅಗಲವಾಗುತ್ತದೆ. ನಟ್ ಮೇಲೆ ಕೂತಾಗ ಒಂದಿಷ್ಟೂ ಅಲುಗಬಾರದು. ಹನ್ನೊಂದು ಸ್ಪ್ಯಾನರ್ ಪಕ್ಕಕ್ಕಿಟ್ಟು ಹನ್ನೆರಡನೆಯದನ್ನು ತೆಗೆದುಕೊಂಡರು. ಡೀಸೆಲ್ ಪೈಪಿನ ನಟ್‌ಗಳಿಗೂ ಅವರು ಅದನ್ನೇ ಬಳಸುತ್ತಿದ್ದರು. ನಮಗೂ ಅದನ್ನೇ ಬಳಸಿ ಎನ್ನುತ್ತಿದ್ದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ — ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ನನ್ನದು.

ಎಂಟು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಗನ್ನವರಂ ಕಡೆಯ ಆಸ್ಪತ್ರೆಯೊಂದಕ್ಕೆ ನರ್ಸ್‌ಗಳನ್ನು ಕರೆದೊಯ್ಯುವ ವ್ಯಾನ್ ರಿಪೇರಿಗೆ ಬಂದಿತ್ತು. ಮುಂದಿನ ಚಕ್ರದ ಬ್ರೇಕ್ ಹೋಸ್ — ಬ್ರೇಕ್ ಎಣ್ಣೆ ಹರಿಯುವ ರಬ್ಬರ್ ಪೈಪ್ — ಬದಲಿಸಬೇಕು. ಮಹಾಬಲಣ್ಣ ಹೊರಗೆ ಹೋಗಿದ್ದರು. ಆ ಸ್ಪ್ಯಾನರ್ ಸ್ಟೋರಿನ ಕಪಾಟಿನಲ್ಲಿತ್ತು. ಎದ್ದು ಹೋಗಿ ತರಲು ಐದು ನಿಮಿಷ. ನಾನು ಹೋಗಲಿಲ್ಲ. ಕೈಯಲ್ಲಿದ್ದ ಓಪನ್ ಸ್ಪ್ಯಾನರನ್ನೇ ಹಾಕಿದೆ. ಜಾರಿತು. ಇನ್ನೊಮ್ಮೆ ಹಾಕಿದೆ — ನಟ್ಟಿನ ಮೂಲೆಗಳು ಹೋದವು. ಇಕ್ಕಳದಲ್ಲಿ ಕಚ್ಚಿ ಬಿಚ್ಚಿದೆ. ಹೊಸ ಹೋಸಿಗೆ ಅದೇ ಹಾಳಾದ ನಟ್ಟನ್ನು ಅದೇ ಇಕ್ಕಳದಲ್ಲಿ ಬಿಗಿದೆ. ಚಕ್ರ ಕೂರಿಸಿದೆ.

ನಾಲ್ಕು ಗಂಟೆಗೆ ಮಹಾಬಲಣ್ಣ ಬಂದರು. ಗಾಡಿ ಹೊರಡಬೇಕಾದರೆ ಅವರ ಸಹಿ ಬೇಕು. ಅವರು ಚಕ್ರದ ಹಿಂದೆ ಕೈ ಹಾಕಿ ನಟ್ ಮುಟ್ಟಿ ನೋಡಿದರು. ಬೆರಳು ಒದ್ದೆಯಾಗಿತ್ತು. ಡ್ರೈವರಿಗೆ ಪೆಡಲ್ ಜೋರಾಗಿ ತುಳಿಯಲು ಹೇಳಿದರು. ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿತು. ಅವರು ಗಾಡಿಯ ಕೀ ತೆಗೆದು ಜೇಬಿಗೆ ಹಾಕಿಕೊಂಡರು.

ಆಗಿನ ಮ್ಯಾನೇಜರ್ ಓಡಿ ಬಂದರು. "ಹನ್ನೆರಡು ಜನ ನರ್ಸ್‌ಗಳು ಕಾಯ್ತಿದ್ದಾರಂಡಿ. ಇವತ್ತೊಂದಿನ ಹೋಗಿಬರಲಿ."

"ಹನ್ನೆರಡು ಜನ ಇದ್ದಾರೆ ಅಂತಲೇ ಸಹಿ ಹಾಕೋದಿಲ್ಲ ಸಾರ್."

"ಯಾರು ಮಾಡಿದ್ದು ಈ ಕೆಲಸ?"

ನಾನು ಇಷ್ಟು ದೂರದಲ್ಲಿದ್ದೆ — ಈ ಮೈಕಿಗೂ ನನಗೂ ಇರುವಷ್ಟು. ಮಹಾಬಲಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನನ್ನ ವಿಭಾಗದ ಕೆಲಸ. ನನ್ನದೇ ಅಂತ ಬರ್ಕೊಳ್ಳಿ," ಅಂದರು.

ಬರೆದುಕೊಂಡರು. ಆಸ್ಪತ್ರೆಯಲ್ಲಿ ಪಾಳಿ ತಪ್ಪಿತು, ದೂರು ಬಂತು. ತಿಂಗಳೊಳಗೆ ಮಹಾಬಲಣ್ಣನಿಗೆ ಮಧುರವಾಡಕ್ಕೆ ವರ್ಗದ ಪತ್ರ ಬಂತು. ತನುಶ್ರೀ ಆಗ ಒಂಬತ್ತನೇ ಕ್ಲಾಸು. ಅವಳ ಶಾಲೆ ಬಿಡಿಸಲಾಗದೆ ಅತ್ತಿಗೆ ಇಲ್ಲೇ ಉಳಿದರು. ಎರಡು ವರ್ಷ ಆ ಮನುಷ್ಯ ಶನಿವಾರ ರೈಲು ಹತ್ತಿ ಬಂದರು, ಭಾನುವಾರ ರೈಲು ಹತ್ತಿ ಹೋದರು. ನಾನು ಇಲ್ಲೇ ಇದ್ದೆ. ನನ್ನ ಕೆಲಸ ಕಾಯಂ ಆಯಿತು. ಬಾಯಿ ಬಿಡಲಿಲ್ಲ.

ಹೋದ ವರ್ಷ ಮಧುರವಾಡಕ್ಕೆ ಹೋಗಿ ಅವರ ಎದುರು ಹೇಳಿಕೊಂಡೆ.

"ಗೊತ್ತಿತ್ತು," ಅಂದರು. "ನಟ್ ಮೇಲೆ ಇಕ್ಕಳದ ಗುರುತಿತ್ತು. ಅವತ್ತು ಆ ಗಾಡಿ ಹತ್ರ ನೀನೊಬ್ಬನೇ ಇದ್ದದ್ದು."

"ಮತ್ಯಾಕೆ ಹೇಳ್ಲಿಲ್ಲ ಅಣ್ಣ?"

"ನಂಗಾದ್ರೆ ವರ್ಗ. ನಿನ್ನನ್ನ ಮನೆಗೇ ಕಳಿಸ್ತಿದ್ರು." ಆಮೇಲೆ, "ಆದ್ರೆ ಸಿಟ್ಟು ಬಂದಿತ್ತು. ಎರಡು ವರ್ಷ ನಿನ್ನ ಫೋನ್ ಎತ್ತಲಿಲ್ಲ, ನೆನಪಿಲ್ವ? ನಾಳೆ ಬಂದು ಹೇಳ್ತಾನೆ, ನಾಡಿದ್ದು ಹೇಳ್ತಾನೆ ಅಂತ ಕಾದೆ," ಅಂದರು.

ನಿನ್ನೆ ಅತ್ತಿಗೆಗೆ, ತನುಶ್ರೀಗೆ ಎಲ್ಲವನ್ನೂ ಹೇಳಿದೆ. ಸಭೆಯಲ್ಲಿ ಹೇಳಲೇ ಅಂತ ಕೇಳಿದೆ. ಅತ್ತಿಗೆ, "ಹೇಳು. ಅವರ ಫೈಲಲ್ಲಿ ನಿರ್ಲಕ್ಷ್ಯ ಅಂತ ಬರ್ದದ್ದು ಇನ್ನೂ ಹಾಗೇ ಇದೆ," ಅಂದರು. ತನುಶ್ರೀ ಎದ್ದು ಒಳಗೆ ಹೋದಳು. ಮತ್ತೆ ಬಂದು, "ಅಂಕುಲ್, ಪ್ರತಿ ಭಾನುವಾರ ನಾನ್ನ ಬ್ಯಾಗ್ ತಗೊಳ್ಳುವಾಗ ನಾನು ಅಳ್ತಿದ್ದೆ. ನೀವು ಹೇಳ್ಬಹುದಿತ್ತು," ಅಂದಳು. ಅಪ್ಪನನ್ನು ಅವಳು ಕರೆಯುವುದು ನಾನ್ನ ಅಂತ, ಇಲ್ಲಿನ ಮಕ್ಕಳ ಹಾಗೆ. ಹೌದು, ಹೇಳಬಹುದಿತ್ತು.

ಇವತ್ತು ಬೆಳಿಗ್ಗೆ ಆಫೀಸಿಗೆ ಪತ್ರ ಬರೆದು ಕೊಟ್ಟಿದ್ದೇನೆ. ಆ ಕೆಲಸ ನನ್ನದು, ಅವರ ಫೈಲಿನಿಂದ ಆ ಮಾತು ತೆಗೆಯಿರಿ ಅಂತ. ನನ್ನನ್ನು ಏನು ಮಾಡುತ್ತಾರೋ ತಿಳಿಯದು. ಅದರ ಬಗ್ಗೆ ಯೋಚಿಸುವ ಶಕ್ತಿಯೂ ಉಳಿದಿಲ್ಲ.

ಆ ಹನ್ನೆರಡು ಜನ ನರ್ಸ್‌ಗಳಿಗೆ ಅವತ್ತು ವ್ಯಾನ್ ಯಾಕೆ ಬರಲಿಲ್ಲವೆಂದು ಇಂದಿಗೂ ಗೊತ್ತಿರಲಿಕ್ಕಿಲ್ಲ. ಬೈದುಕೊಂಡು ಮನೆಗೆ ಹೋಗಿರುತ್ತಾರೆ. ಅಂತೂ — ಮನೆಗೆ ಹೋದರು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಹಾಬಲೇಶ್ವರ ಅವರಿಗಾಗಿ ಎರಡು ನಿಮಿಷ ಮೌನವಾಗಿರೋಣ.